ಹೊಳೆಯಂಗಳದಲ್ಲಿ ಜಯಮ್ಮಕ್ಕನ ಬ್ಯಾಟಿಂಗ್

ಏರ್‌ಪೋರ್ಟ್ ಬಸ್ಸು

"ಇದೊಂದು ಮುಗುದ್ರೆ ಸಾಕು ಕಣಮ್ಮ," ಎಂದು ಜಯಮ್ಮಕ್ಕ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಹೇಳಿದರು. "ವಾಪಸ್ ಬಂದ್ಮೇಲೆ ಬ್ಯಾಟು, ಸ್ಟಂಪು ಎಲ್ಲಾ ನಿಮ್ ಇಸ್ಕೂಲಿಗೆ ಎತ್ಕೊಂಡೋಗು. ಇನ್ನು ನನ್ ಕೈಲಿ ಆಗಲ್ಲ."

ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿದೆ. ನನ್ನದು ಜಗಳಗಂಟಿ ಬಾಯಿ, ನಮ್ಮ ಹೈಸ್ಕೂಲಿನ ಗೋಡೆಗಳಿಗೂ ಅದು ಗೊತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ದೇಶ ಬಿಟ್ಟು ಹೊರಟವಳು ಬಸ್ಸಿನಲ್ಲೇ ಜಗಳ ಶುರು ಮಾಡಿದರೆ ಒಳ್ಳೆಯದಾಗುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡೆ. 

ಜಯಮ್ಮಕ್ಕ ಟಿ. ದಾಸರಹಳ್ಳಿಯ ಹಳೇ ಮನೆತನದವರು. ಅವರ ಮಾವನ ಕಾಲದಲ್ಲಿ ಹೊಲವೆಲ್ಲ ಪೀಣ್ಯದ ಕಾರ್ಖಾನೆಗಳಿಗೆ ಹೋಯಿತು, ಉಳಿದದ್ದು ಒಂದು ವಠಾರ. ಅದರಲ್ಲಿ ಬಾಡಿಗೆಗಿರುವವರು ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ರಾಯಚೂರಿನವರು, ಹಾಸನದವರು, ಒಡಿಶಾದವರು. ಒಂದು ಭಾನುವಾರ ಅವರು ಮಗುವಿನ ಪ್ಲಾಸ್ಟಿಕ್ ಬ್ಯಾಟಿನಲ್ಲಿ ಆಡಿ ಓನರಮ್ಮನ ಕಿಟಕಿ ಒಡೆದರು. ಬೈಯಲು ಹೊರಬಂದ ಜಯಮ್ಮಕ್ಕ ಸೆರಗು ಸಿಕ್ಕಿಸಿಕೊಂಡು ಸ್ಟಂಪಿನ ಹಿಂದೆ ನಿಂತುಬಿಟ್ಟರು. ಆಮೇಲೆ ಮುಚ್ಚಿಹೋದ ಒಂದು ಶೆಡ್ಡಿನ ಹಿಂದಿನ ಅಂಗಳ ಸಿಕ್ಕಿತು. ಪಕ್ಕದ ಬೀದಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದ ನಾನೂ ಹೋಗಿ ಸೇರಿಕೊಂಡೆ.

ನಮ್ಮ ಆಟ ನಡೆಯುವುದು ಜಯಮ್ಮಕ್ಕನ ಕಾಲ್ಬಲದಿಂದ. ಭಾನುವಾರ ಊಟವಾದ ಮೇಲೆ ಅವರು ಒಂದೊಂದೇ ಬಾಗಿಲು ತಟ್ಟುತ್ತಾರೆ. ಗಂಡ ಗೊಣಗಿದರೆ, "ನಾನಿರ್ತೀನಿ ಕಳ್ಸಪ್ಪ" ಅನ್ನುತ್ತಾರೆ. ಅತ್ತೆ ಮುಖ ಗಂಟಿಕ್ಕಿದರೆ ಅತ್ತೆಯನ್ನೂ ಕರೆತಂದು ನೆರಳಿನಲ್ಲಿ ಕೂರಿಸುತ್ತಾರೆ. ನಾನು ಹೋಗಿ ಬಾಗಿಲು ತಟ್ಟಿದರೆ ಯಾರೂ ಕಳಿಸುವುದಿಲ್ಲ. ತಟ್ಟಿ ನೋಡಿದ್ದೇನೆ.

ಈಗ ಆ ಅಂಗಳ ಲಾರಿ ನಿಲ್ಲಿಸುವವರ ಪಾಲಾಗಿತ್ತು. ಮತ್ತೆ ಜಾಗ ಹುಡುಕಬೇಕು, ಮತ್ತೆ ಯಾರ್ಯಾರದೋ ಕೈಕಾಲು ಹಿಡಿಯಬೇಕು. ಜಯಮ್ಮಕ್ಕನಿಗೆ ಸಾಕಾಗಿತ್ತು. ಅವರು ಬಿಟ್ಟರೆ ಭಾನುವಾರ ಮುಗಿಯಿತು. ಭಾನುವಾರ ಹೋದರೆ ನನ್ನ ವಾರದಲ್ಲಿ ಪ್ರಶ್ನೆಪತ್ರಿಕೆ ಬಿಟ್ಟು ಮತ್ತೇನೂ ಇರುವುದಿಲ್ಲ. 

ಜಪಾನಿಗೆ ನಮ್ಮನ್ನು ಕರೆಸಿದ್ದು ಹಿರೋಶಿ. ಪೀಣ್ಯದ ಕಾರ್ಖಾನೆಯೊಂದಕ್ಕೆ ಮಷಿನ್ ಕೂರಿಸಲು ಬಂದಿದ್ದ ಎಂಜಿನಿಯರು, ಭಾನುವಾರ ಗೇಟಿನ ಬಳಿ ನಿಂತು ನೋಡುತ್ತಾ ನೋಡುತ್ತಾ ನಮಗೆ ಬೌಂಡರಿ ಕಾಯಲು ಶುರುಮಾಡಿದವನು. ಅವನ ಊರಿನಲ್ಲೊಂದು ಪುಟ್ಟ ಕ್ರಿಕೆಟ್ ಕ್ಲಬ್ಬು ಇದೆಯಂತೆ. ತಮ್ಮ ತಮ್ಮ ಗಲ್ಲಿಯಲ್ಲಿ ಆಟ ಬೆಳೆಸಿದವರನ್ನು ಎಲ್ಲಿಂದಲಾದರೂ ಹುಡುಕಿ, ವರ್ಷಕ್ಕೊಮ್ಮೆ ಕರೆದು ಗೌರವಿಸುತ್ತದಂತೆ. ಈ ಸಲ ಜಯಮ್ಮಕ್ಕ, ಜೊತೆಗೆ ಬಾಲದಂತೆ ನಾನು. ನನಗೂ ದಸರಾ ರಜೆ ಇತ್ತು.

ಒಂದು ಸನ್ಮಾನವಾದರೆ ಇವರ ಮನಸ್ಸು ತಿರುಗೀತು ಎಂದುಕೊಂಡಿದ್ದೆ. ಜಯಮ್ಮಕ್ಕ ಅದಕ್ಕೂ ಕಲ್ಲು ಹಾಕಿದರು. "ಸನ್ಮಾನ ಅಂದ್ರೇನು ಗೊತ್ತೇನಮ್ಮ? ಶಾಲು ಒದ್ಸಿ, ಅಣ್ಣಿನ ಬುಟ್ಟಿ ಕೊಟ್ಟು, ನಿಂದಾಯ್ತು ಮನೇಗ್ ಓಗವ್ವ ಅನ್ನೋದು."

ಸದ್ದಿಲ್ಲದ ರೈಲು

ಟೋಕಿಯೋದಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಮಾತೇ ಇಲ್ಲ. ಡಬ್ಬಿ ತುಂಬ ಜನ, ಆದರೆ ಎಲ್ಲರೂ ಒಂದೇ ಕನಸು ಕಾಣುತ್ತಿರುವವರ ಹಾಗೆ ಕೂತಿದ್ದರು. ಕಿಟಕಿಯಾಚೆ ಕೊಯ್ದ ಭತ್ತದ ಗದ್ದೆಗಳು, ಬಿಳಿ ಮಂಜು, ಮಂಜಿನಲ್ಲಿ ಅರ್ಧ ಮುಳುಗಿದ ಮನೆಗಳು. ಎರಡು ದಿನದ ನಿದ್ದೆಗೆಟ್ಟ ಕಣ್ಣಿಗೆ ಅವು ಬರುತ್ತಿವೆಯೋ ಹೋಗುತ್ತಿವೆಯೋ ತಿಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಎಂಟನೇ ಮೈಲಿ ಸ್ಟಾಪಿನ ಹಾರ್ನು ಕೇಳುತ್ತಾ ಏಳುವ ನನಗೆ ಕಿವಿಯೇ ಹೋಯಿತೇನೋ ಎಂದು ಭಯವಾಯಿತು.

ಆ ಮೌನದ ನಟ್ಟನಡುವೆ ಜಯಮ್ಮಕ್ಕನ ಫೋನು ಬಡಿದುಕೊಂಡಿತು, ವಠಾರದಿಂದ.

"ಏನೇ? ಸಂಪು ತುಂಬಿ ಅರೀತೈತಾ? ಮೋಟ್ರು ಆಫ್ ಮಾಡೇ! ಆಫ್ ಮಾಡು ಅಂದೆ! ಮೀಟ್ರು ಪಕ್ಕ ಕೆಂಪು ಸುಚ್ಚು!"

ಇಡೀ ಡಬ್ಬಿ ಬೆಚ್ಚಿಬಿತ್ತು. ಎದುರಿಗಿದ್ದ ಮುದುಕಿ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು, ಬಹುಶಃ ನಮ್ಮ ಮುಖ ನೋಡಬೇಕಾಗುತ್ತದಲ್ಲ ಎಂದು. ನಾನು ಎದ್ದು ನಿಂತು ಕೈ ಮುಗಿದೆ. ಇಡೀ ಸಾಲು ತಲೆ ಬಾಗಿಸಿ ನನಗೇ ನಮಸ್ಕಾರ ಮಾಡಿತು. ನಾನು ಮತ್ತೆ ಬಗ್ಗಿದೆ, ಅವರು ಮತ್ತೆ ಬಗ್ಗಿದರು. ಈ ಕಸರತ್ತು ಮುಂದಿನ ಸ್ಟೇಷನ್ ಬರುವ ತನಕ ನಡೆಯಿತು. ಜಯಮ್ಮಕ್ಕ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು, "ಸದ್ಯ, ನೀರು ಪೋಲಾಗ್ಲಿಲ್ಲ" ಎಂದು ನಿದ್ದೆ ಹೋದರು.

ಹಿರೋಶಿಯ ಬೀದಿ

ಸ್ಟೇಷನ್ನಿನಲ್ಲಿ ಹಿರೋಶಿ ನಿಂತಿದ್ದ. ಅವನು ಕನ್ನಡ ಕಲಿತಿದ್ದು ಮಷಿನ್ ಶಾಪಿನಲ್ಲಿ. ಜಯಮ್ಮಕ್ಕನನ್ನು ಕಂಡದ್ದೇ ಸೊಂಟದವರೆಗೆ ಬಗ್ಗಿ, ತುಂಬು ಗೌರವದಿಂದ, "ಏನ್ ಗುರು, ಊಟ ಆಯ್ತಾ?" ಎಂದ.

"ನಿನ್ ಮನೆ ಕಾಯ್ವಾಗ! ಎಲ್ಲಪ್ಪ ಊಟ? ತಣ್ಣಗಿರೋ ಅನ್ನದುಂಡೆ ಕೊಟ್ರು," ಎಂದರು ಜಯಮ್ಮಕ್ಕ, ಅವನ ಕೆನ್ನೆ ಸವರುತ್ತಾ.

ಜಪಾನಿನಲ್ಲಿ ಅವರಿಗೆ ಮೊದಲು ಹಿಡಿಸಿದ್ದು ಗುಡ್ಡವಲ್ಲ, ಗುಡಿಯಲ್ಲ, ಕಸ. ಹಿರೋಶಿಯ ಬೀದಿಯ ಮೂಲೆಯಲ್ಲಿ ಕಸದ ಚೀಲಗಳನ್ನು ಬೇರೆ ಬೇರೆ ಮಾಡಿ, ಕಾಗೆ ಕೆದಕದಂತೆ ಮೇಲೆ ಬಲೆ ಹೊದಿಸಿ ಇಟ್ಟಿದ್ದರು. ಜಯಮ್ಮಕ್ಕ ಅದರ ಮುಂದೆ ಬಹಳ ಹೊತ್ತು ನಿಂತರು. ಹಸಿ ಕಸ, ಒಣ ಕಸ ಎಂದು ದಿನಬೆಳಗಾದರೆ ಬಾಡಿಗೆಯವರ ಮೇಲೆ ಕೂಗಾಡಿ ಗಂಟಲು ಕೆಡಿಸಿಕೊಂಡ ಹೆಂಗಸು ಅವರು. "ಇಂತೋರು ನಮ್ ವಟಾರಕ್ಕೆ ಬರ್ಬಾರ್ದಿತ್ತಾ" ಎಂದು ನಿಟ್ಟುಸಿರಿಟ್ಟರು. ಅಷ್ಟು ಸಂತೋಷವಾಗಿದ್ದರು, ಸಮಯ ನೋಡಿ ಬ್ಯಾಟು-ಸ್ಟಂಪಿನ ವಿಷಯ ಎತ್ತಿದೆ.

"ಅಕ್ಕಾ, ಇನ್ನೊಂದು ವರ್ಷ ನೋಡೋಣ."

"ಮಂಗಳಾರತಿ ಆದ್ಮೇಲೆ ಗಂಟೆ ಒಡೀಬಾರ್ದು ಟೀಚರಮ್ಮ" ಎಂದು ಮುಂದೆ ನಡೆದರು. ಅಬ್ಬಾ, ಆ ಹೆಂಗಸಿನ ಹಟವೇ!

ಹೊಳೆಯಂಗಳ

ಮಾರನೇ ಬೆಳಿಗ್ಗೆ ಅವರ ಮೈದಾನ ನೋಡಲು ಹೋದೆವು. ಊರಂಚಿನ ಮಣ್ಣಿನ ಏರಿ ಹತ್ತಿ ಆಚೆ ಇಳಿದರೆ ಮಂಜು ಬಿಟ್ಟು ಏನೂ ಇರಲಿಲ್ಲ. ಎಲ್ಲೋ ಹತ್ತಿರದಲ್ಲೇ ಹೊಳೆ ಹರಿಯುವ ಸದ್ದು. ಕಬ್ಬು ಸೂಲಂಗಿ ಬಿಟ್ಟಂತೆ ಬೆಳ್ಳಗೆ ತೂಗುವ ಹುಲ್ಲು. ಬೆಳ್ಳಕ್ಕಿಯೊಂದು ಎದ್ದು ಹಾರಿ, ಹಾರುತ್ತಲೇ ಇಲ್ಲವಾಯಿತು. ನನಗೆ ನಾನು ಇನ್ನೂ ವಿಮಾನದಲ್ಲಿ ಮಲಗಿದ್ದೇನೆ, ಇದೆಲ್ಲ ನಿದ್ದೆಯಲ್ಲಿ ಕಾಣುತ್ತಿದೆ ಅನ್ನಿಸಿತು. ಮಂಜಿನ ಆಚೆ ಕೈ ಚಾಚಿದರೆ ತುಮಕೂರು ರಸ್ತೆಯೇ ಸಿಗಬಹುದು, ಯಾರೋ ಮೆಟ್ರೋ ಕಂಬದ ಕೆಳಗೆ ಕಡಲೆಕಾಯಿ ಮಾರುತ್ತಿರಬಹುದು ಅನ್ನಿಸಿತು. ಆ ಭಾವನೆ ಎಷ್ಟು ಹಿತವಾಗಿತ್ತೆಂದರೆ ಮಾತಾಡಿ ಕೆಡಿಸಲು ಮನಸ್ಸಾಗಲಿಲ್ಲ.

ಮೆಲ್ಲಗೆ ಮಂಜು ಕರಗಿತು. ಮೈದಾನವಿದ್ದದ್ದು ಹೊಳೆಯ ಪಾತ್ರದಲ್ಲೇ! ಏರಿಗೂ ನೀರಿಗೂ ನಡುವಿನ ಬಯಲು. ಮೊನ್ನೆ ಮೊನ್ನೆ ಚಂಡಮಾರುತ ಬಂದು ಹೊಳೆ ಉಕ್ಕಿ, ಮೈದಾನದ ತುಂಬ ಕೆಸರು ಬಿಟ್ಟು ಹೋಗಿತ್ತು. ಊರಿನ ಹೆಂಗಸರು, ಗಂಡಸರು, ಮುದುಕರು ಅದನ್ನು ಬಳಿದು ಹರಡುತ್ತಿದ್ದರು. ಅವರ ನಡುವೆ ಬೂಟಿನ ತುಂಬ ಕೆಸರು ಮೆತ್ತಿಕೊಂಡು ನಿಂತಿದ್ದವರು ಕ್ಲಬ್ಬಿನ ಹಿರಿಯರು, ಸಾತೋ ಎಂಬ ಅಜ್ಜ.

ನಾನು ಭಾಷಣ ತಯಾರಿಸಿಕೊಂಡು ರೇಷ್ಮೆ ಸೀರೆ ಉಟ್ಟು ಬಂದಿದ್ದೆ. ವೇದಿಕೆಗಾಗಿ ಕಣ್ಣಲ್ಲೇ ಹುಡುಕಾಡಿದೆ. ವೇದಿಕೆ ಇರಲಿಲ್ಲ, ಮೈಕಿರಲಿಲ್ಲ, ಹಾರ ಹಿಡಿದು ಸಾಲಾಗಿ ನಿಂತವರೂ ಇರಲಿಲ್ಲ. ಎಲ್ಲರೂ ಕೆಲಸ ನಿಲ್ಲಿಸಿ ಗುಂಡಗೆ ನಿಂತರು. ಸಾತೋ ಅಜ್ಜ ಜಯಮ್ಮಕ್ಕನ ಮುಂದೆ ಬಂದು ಆಳವಾಗಿ ಬಾಗಿ, ಎರಡೂ ಕೈಯಲ್ಲಿ ಒಂದು ಉದ್ದ ಹಿಡಿಯ ಮರದ ಹಲಗೆ ಕೊಟ್ಟರು. ನೆಲ ಸಮ ಮಾಡುವ ಹಲಗೆ. ಆಮೇಲೆ ಪಿಚ್ಚಿನ ಪಕ್ಕದ ಒಂದು ಗೂಟದಿಂದ ಇನ್ನೊಂದು ಗೂಟದವರೆಗೆ ಕೈ ತೋರಿಸಿದರು.

"ಅಷ್ಟು ಜಾಗ ನಿಮ್ದಂತೆ ಅಕ್ಕ" ಎಂದ ಹಿರೋಶಿ. "ಗೌರವ ಅಂದ್ರೆ ಇಲ್ಲಿ ಇದೇ. ಆ ಜಾಗ ನೀವೇ ರೆಡಿ ಮಾಡ್ಬೇಕು. ನಾಳೆ ಅಲ್ಲೇ ಆಡೋದು."

ಜಯಮ್ಮಕ್ಕ ನನ್ನ ಕಿವಿಗೆ ಬಾಯಿಟ್ಟರು. "ಏನಮ್ಮ ಇದು, ವಿಮಾನ ಅತ್ತಿಸ್ಕೊಂಡ್ ಬಂದು ಗೇಯಕ್ಕೆ ಅಚ್ತಾರಲ್ಲ!"

ನನಗೂ ರೇಗಿತು. ರೇಷ್ಮೆ ಸೀರೆ ಬೇರೆ. ಆದರೆ ಜಯಮ್ಮಕ್ಕ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ನಮ್ ಮಾವ ಕಣದಾಗೆ ರಾಗಿ ಗುಡ್ಡೆ ಮಾಡ್ತಿದ್ದಿದ್ದು ಇಂತದ್ರಲ್ಲೇ" ಎಂದವರೇ ಸೀರೆ ಮೇಲಕ್ಕೆ ಸಿಕ್ಕಿಸಿ ಕೆಸರಿಗೆ ಇಳಿದರು. ಎಳೆದು ಎಳೆದು, ನಿಂತು ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಎಳೆದರು. ಹೊಳೆಯ ಸದ್ದಿನಲ್ಲಿ ಹಲಗೆಯ ಸದ್ದು ಸೇರಿ ಲಾಲಿಯಂತೆ ಕೇಳುತ್ತಿತ್ತು. ಏರಿಯ ಮೇಲೆ ಕೂತಿದ್ದ ನನಗೆ ಜೋಂಪು ಹತ್ತಿತು.

ಎಚ್ಚರವಾದಾಗ ಜಯಮ್ಮಕ್ಕ ಸಾತೋ ಅಜ್ಜನ ಪಕ್ಕ ಕೂತು ಚಹಾ ಕುಡಿಯುತ್ತಿದ್ದರು. ನಡುವೆ ಹಿರೋಶಿ.

"ಮೇಲಿಂದ ಮೇಲೆ ಒಳೆ ಬಂದು ಬಳ್ಕೊಂಡೋಗ್ತೈತೆ ಅಂತೀರ. ಮತ್ತೆ ಯಾಕಪ್ಪ ಇಲ್ಲೇ ಮಾಡ್ತೀರ?"

ಸಾತೋ ಅಜ್ಜ ಏನೋ ಗೊಣಗಿದರು. ಹಿರೋಶಿ ಹೇಳಿದ, "ಬೇರೆ ಕಡೆ ಎಲ್ಲಾ ಯಾರೋ ಓನರ್ ಇದಾರಂತೆ. ಹೊಳೆ ಒಂದೇ ಬಾಡಿಗೆ ಕೇಳಲ್ವಂತೆ."

ತಾವೇ ಓನರಾದ ಜಯಮ್ಮಕ್ಕ ಜೋರಾಗಿ ನಕ್ಕರು. "ಸರಿ, ಬೇಜಾರಾಗಲ್ವಾ ಕೇಳು."

ಅಜ್ಜ ಚಹಾ ಪೂರ್ತಿ ಕುಡಿದು ಮುಗಿಸಿ ಏನೋ ಹೇಳಿದರು. "ಆಗತ್ತಂತೆ. ತುಂಬಾ ಬೇಜಾರಾಗತ್ತಂತೆ" ಎಂದ ಹಿರೋಶಿ. ಅಷ್ಟೇ. ಅದರ ಮುಂದೆ ಒಂದು ನೀತಿಮಾತು ಬರುತ್ತದೆಂದು ಕಾದೆ, ಕನ್ನಡ ಟೀಚರಲ್ಲವೆ ನಾನು. ಅಜ್ಜ ಎದ್ದು ಮತ್ತೆ ಕೆಸರು ಬಳಿಯಲು ಹೋದರು.

ಆಯುಧ ಪೂಜೆ

ಆಟದ ದಿನ ಆಯುಧ ಪೂಜೆ. ಆವತ್ತು ಪೀಣ್ಯ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಪ್ರತಿ ಶೆಡ್ಡಿಗೂ ಬಾಳೆಕಂದು, ಲೇಥಿಗೂ ಡ್ರಿಲ್ಲಿಗೂ ಚೆಂಡು ಹೂವಿನ ಹಾರ, ರಸ್ತೆಯ ತುಂಬ ಒಡೆದ ಬೂದುಗುಂಬಳ, ಕೈಗೆ ಸಿಕ್ಕವರಿಗೆಲ್ಲ ಕಡ್ಲೆಪುರಿ. ಅದನ್ನು ಬಿಟ್ಟು ಬಂದ ಸಂಕಟಕ್ಕೆ ಜಯಮ್ಮಕ್ಕ ಬೆಳಗಾಗುವುದರೊಳಗೆ ಎದ್ದು ಕೂತಿದ್ದರು. ಸೂಟ್‌ಕೇಸಿನಲ್ಲಿ ಕಡ್ಲೆಪುರಿ, ಅರಿಸಿನ, ಕುಂಕುಮ, ವಿಭೂತಿ, ನಿಂಬೆಹಣ್ಣು ಎಲ್ಲ ಬಂದಿತ್ತು. ನನಗೇ ಗೊತ್ತಿರಲಿಲ್ಲ.

ಮೈದಾನದಲ್ಲಿ ಬ್ಯಾಟು, ಸ್ಟಂಪು, ಗ್ಲೌಸು ಸಾಲಾಗಿ ಜೋಡಿಸಿ ಕುಂಕುಮ ಇಟ್ಟರು. ತಮ್ಮ ಹಲಗೆಗೆ ಮಾತ್ರ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ದೊಡ್ಡ ಬೊಟ್ಟು. ಅದನ್ನು ನಾನು ಗಮನಿಸಿದೆ. ಆಮೇಲೆ ಕುಂಬಳಕಾಯಿ ಎಲ್ಲಿ ಎಂದರು. ಹಿರೋಶಿಯ ಹೆಂಡತಿ ಸಾರಿಗೆಂದು ತಂದಿದ್ದ ಹಸಿರು ಕುಂಬಳ ಸಿಕ್ಕಿತು. ಅದನ್ನು ಆ ನುಣ್ಣನೆಯ ನೆಲಕ್ಕೆ ಅಪ್ಪಳಿಸಲು ಇವರು ಕೈ ಎತ್ತಿದ್ದೇ ತಡ, ಇಡೀ ಕ್ಲಬ್ಬು "ಹಾ!" ಎಂದಿತು. ನಾನು ಹಾರಿ ಕೈ ಹಿಡಿದುಕೊಂಡೆ.

"ಅಕ್ಕಾ, ಬೇಡ! ನಿಂಬೆಹಣ್ಣಲ್ಲಿ ಮುಗಿಸಿ."

ನಿಂಬೆಹಣ್ಣಿಗೆ ಅವರ ತಕರಾರಿರಲಿಲ್ಲ. ಪಿಚ್ಚಿನ ರೋಲರ್ ಕೆಳಗೆ ಇಟ್ಟರು. ಸಾತೋ ಅಜ್ಜ ಕಾರಣ ಕೇಳದೆ, ಮುಖ ಗಂಭೀರ ಮಾಡಿಕೊಂಡು, ರೋಲರ್ ಎಳೆದರು. ನಿಂಬೆ ಪಚಕ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಪುರಿ ತಿಂದರು. ಆಮೇಲೆ ಮೈದಾನಕ್ಕೆ ಸಾಲಾಗಿ ನಿಂತು ಬಾಗಿ ನಮಸ್ಕರಿಸುವುದು ಅವರ ಪದ್ಧತಿ. ನಾವು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆವು.

ಆಟ

ಕ್ಲಬ್ಬಿನವರು ಎರಡು ತಂಡವಾದರು, ನಾವಿಬ್ಬರೂ ಒಂದೇ ತಂಡದಲ್ಲಿ. ನಮ್ಮ ಬ್ಯಾಗಿನಲ್ಲಿ ಬಂದ ಟೆನಿಸ್ ಬಾಲಿನಲ್ಲೇ ಆಟ. ಜಯಮ್ಮಕ್ಕನನ್ನು ಕೊನೆಗೆ ಇಳಿಸಿದರು, ನನ್ನನ್ನು ಅವರಿಗಿಂತ ಸ್ವಲ್ಪ ಮೊದಲು. ಓಪನಿಂಗ್ ಆಡುವವಳನ್ನು ಬಾಲಕ್ಕೆ ಹಾಕಿದರಲ್ಲ ಎಂದು ನನಗೆ ಉರಿ. ಆದರೂ ಆ ಮಧ್ಯಾಹ್ನದ ಹೂಬಿಸಿಲು, ಚೆಂಡು ಹೋದಲ್ಲೆಲ್ಲ ಏಳುವ ಬಿಳಿ ಹುಲ್ಲಿನ ಧೂಳು, ಔಟಾದವರಿಗೂ ಮೃದುವಾಗಿ ಏನೋ ಹೇಳುವ ಆ ಜನ, ಎಲ್ಲ ಸೇರಿ ಸಿಟ್ಟು ನಿಲ್ಲಲು ಜಾಗವಿರಲಿಲ್ಲ. ಒಬ್ಬೊಬ್ಬರೇ ಔಟಾಗಿ, ಕಡೆಗೆ ಕ್ರೀಸಿನಲ್ಲಿ ನಾನು ಮತ್ತು ಜಯಮ್ಮಕ್ಕ ಉಳಿದೆವು. ಗೆಲ್ಲಲು ಇನ್ನೂ ಬಹಳ ರನ್ ಬೇಕಿತ್ತು.

ನಿಧಾನವಾಗಿ ಆಡಬೇಕಿತ್ತು. ನಾನೆಲ್ಲಿ ಕೇಳುತ್ತೇನೆ? ಹೊಳೆಗೇ ಹೊಡೆಯುತ್ತೇನೆಂದು ಬೀಸಿದೆ. ಚೆಂಡು ನೆಟ್ಟಗೆ ಮೇಲೆ ಹೋಗಿ, ಆಕಾಶದಲ್ಲಿ ಸ್ವಲ್ಪ ಹೊತ್ತು ನಿಂತೇ ಇತ್ತು ಅನ್ನಿಸುತ್ತದೆ, ನೆಟ್ಟಗೆ ಸಾತೋ ಅಜ್ಜನ ಕೈಗೆ ಬಿತ್ತು. ನನಗೆ ನಾನೇ ಬೈದುಕೊಳ್ಳುತ್ತಾ ಹೊರನಡೆದೆ.

ಏರಿಯ ಬುಡಕ್ಕೆ ಬಂದು ತಿರುಗಿ ನೋಡಿದರೆ, ಫೀಲ್ಡಿನಲ್ಲಿದ್ದವರೆಲ್ಲ ಟೋಪಿ ತೆಗೆದು ಮುಕ್ತಾಯದ ನಮಸ್ಕಾರಕ್ಕೆ ಸಾಲು ನಿಲ್ಲುತ್ತಿದ್ದರು. ಜಯಮ್ಮಕ್ಕ ಕ್ರೀಸಿನಲ್ಲೇ ಇದ್ದರು. ಬ್ಯಾಟಿನಿಂದ ನೆಲ ಕುಟ್ಟುತ್ತಾ, ಮುಂದಿನ ಚೆಂಡಿಗೆ ಕಾಯುತ್ತಾ.

ನನಗೆ ತಟ್ಟನೆ ಅರ್ಥವಾಯಿತು. ಜೊತೆಗಾರರಿಲ್ಲದೆ ಒಬ್ಬರೇ ಉಳಿದರೆ ಆಟ ಮುಗಿಯಿತು, ಅದು ಜಗತ್ತಿನ ನಿಯಮ. ನಮ್ಮ ಅಂಗಳದಲ್ಲಿ ಹಾಗಲ್ಲ. ಅಲ್ಲಿ ಉಳಿದವಳು ಒಬ್ಬಳೇ ಆಡಬಹುದು, ಅವಳೂ ಔಟಾಗುವ ತನಕ. ಜಯಮ್ಮಕ್ಕನಿಗೆ ಬೇರೆ ನಿಯಮ ಇದೆಯೆಂದೇ ಗೊತ್ತಿಲ್ಲ.

"ಮೇಡಂ, ನೀವೇ ಹೋಗಿ ಹೇಳ್ಬಿಡಿ" ಎಂದ ಹಿರೋಶಿ ಪಿಸುಮಾತಿನಲ್ಲಿ.

ಮತ್ತೆ ಕ್ರೀಸಿನ ಕಡೆಗೆ ನಡೆದೆ. ಇಷ್ಟು ದಿನ ಈ ಹೆಂಗಸಿಗೆ ಮುಗಿಸಬೇಡಿ, ಮುಗಿಸಬೇಡಿ ಎಂದು ಗೋಗರೆದವಳು ನಾನು. ಈಗ ನಾನೇ ಹೋಗಿ ಮುಗಿಯಿತು ಅನ್ನಬೇಕು.

"ಅಕ್ಕಾ, ಇಲ್ಲಿ ಇಷ್ಟೇ ಅಂತೆ. ಮುಗೀತಂತೆ. ಬನ್ನಿ."

"ಯಾರ್ ಏಳಿದ್ದು ಮುಗೀತು ಅಂತ?" ಜಯಮ್ಮಕ್ಕ ಕೆರಳಿದರು. "ನೀನ್ ಔಟಾದ್ರೆ ನನ್ಗೇನು? ನಾನಿನ್ನೂ ಇದೀನಲ್ಲ! ಕರಿ ಆ ಹಿರೋಸಿನ."

ಹಿರೋಶಿ ಓಡಿ ಬಂದ. ಹಿಂದೆಯೇ ಸಾತೋ ಅಜ್ಜ ಟೋಪಿ ಕೈಯಲ್ಲಿ ಹಿಡಿದು ಬಂದರು.

"ಏಳಪ್ಪ ಅವ್ರಿಗೆ. ನಮ್ ಕಡೆ ಆಟದ್ ಮಧ್ಯ ನೀರ್ ಬರ್ತೈತೆ. ಅರ್ಧ ಟೀಮು ಬಿಂದ್ಗೆ ಇಡ್ಕೊಂಡ್ ಓಡ್ತೈತೆ. ಒಬ್ಳಿಗೆ ಮಗು ಅಳ್ತೈತೆ, ಒಬ್ಳಿಗೆ ಗಂಡ ಕರೀತಾನೆ. ಅವ್ರೆಲ್ಲಾ ಓದ್ರು ಅಂತ ಇರೋಳು ಯಾಕಪ್ಪ ಬ್ಯಾಟು ಕೆಳಗಿಡ್ಬೇಕು? ಅವ್ಳೇನ್ ತಪ್ ಮಾಡವ್ಳೆ?"

 ಹಿರೋಶಿ ನಿಧಾನವಾಗಿ, ಒಂದೊಂದೇ ಮಾತನ್ನು ಜಪಾನಿ ಭಾಷೆಗೆ ತಿರುಗಿಸಿದ. ಬಿಂದಿಗೆಗೆ ಕೈಯಲ್ಲೇ ಆಕಾರ ತೋರಿಸಿದ. ಸಾತೋ ಅಜ್ಜ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಟೋಪಿ ತಲೆಗೆ ಹಾಕಿಕೊಂಡು, ತಾವು ಮೊದಲು ನಿಂತಿದ್ದ ಜಾಗಕ್ಕೆ ನಡೆದು ಹೋಗಿ ಮಂಡಿ ಬಗ್ಗಿಸಿ ನಿಂತರು. ಸಾಲು ನಿಂತಿದ್ದವರೂ ಒಬ್ಬೊಬ್ಬರಾಗಿ ಟೋಪಿ ಹಾಕಿಕೊಂಡು ಚದುರಿದರು.

ಜಯಮ್ಮಕ್ಕ ಆಡಿದರು. ಒಬ್ಬರೇ ಆದ್ದರಿಂದ ಹೋಗಿ ವಾಪಸು ಬಂದರೆ ಮಾತ್ರ ರನ್ನು. ಸೀರೆ ಎತ್ತಿ ಕಟ್ಟಿ, ಮಂಡಿ ನೋವಿಗೆ "ಅಯ್ಯಪ್ಪಾ, ಅಯ್ಯಪ್ಪಾ" ಎನ್ನುತ್ತಾ ಓಡಿದರು. ಹೊಳೆ ಹೊಂಬಣ್ಣಕ್ಕೆ ತಿರುಗಿತ್ತು. ಅಷ್ಟು ದೊಡ್ಡ ಬಯಲಿನಲ್ಲಿ ಒಬ್ಬ ಹೆಂಗಸು ಹೋಗುವುದು, ಬರುವುದು, ಹೋಗುವುದು, ಬರುವುದು. ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ. ಕೊನೆಗೊಂದು ಚೆಂಡು ಬ್ಯಾಟಿನ ಕೆಳಗೆ ನುಸುಳಿ ಸ್ಟಂಪು ಬೀಳಿಸಿತು. ನಾವು ಸೋತೆವು.

"ಈಗ ಔಟು" ಎಂದು ಜಯಮ್ಮಕ್ಕ ತಾವೇ ಬೆರಳೆತ್ತಿದರು.

ಆಡಿದ ಮೇಲೆ ನೆಲ ಸಮ ಮಾಡಿಯೇ ಹೋಗುವುದು ಅಲ್ಲಿನ ಕ್ರಮ. ಜಯಮ್ಮಕ್ಕ ತಮ್ಮ ಹಲಗೆ ತೆಗೆದುಕೊಂಡರು, ನನಗೂ ಯಾರೋ ಒಂದು ಕೊಟ್ಟರು. ಇಬ್ಬರೂ ಪಕ್ಕಪಕ್ಕದಲ್ಲಿ ಎಳೆಯತೊಡಗಿದೆವು. 

"ಟೀಚರಮ್ಮ, ಆ ಲಾರಿಗಳು ಬೆಳಿಗ್ಗೆ ಲೋಡಿಗೆ ಓದ್ರೆ ವಾಪಸ್ ಬರಾದು ಎಷ್ಟೊತ್ಗೆ?"

"ಗೊತ್ತಿಲ್ಲಕ್ಕ. ಸಂಜೆ ಇರ್ಬೇಕು."

"ಅಂದ್ರೆ ಭಾನ್ವಾರ ಮಧ್ಯಾನ ಅಂಗ್ಳ ಖಾಲಿನೇ." ಜಯಮ್ಮಕ್ಕ ಹಲಗೆ ನಿಲ್ಲಿಸದೆ ಹೇಳಿದರು. "ಆಯಿಲ್ ಬಿದ್ದಿರ್ತೈತೆ, ಮಣ್ಣಾಕಿ ಎಳೀಬೇಕು. ಓದೇಟ್ಗೆ ಆ ಲಾರಿ ಓನರ್ನ ನೋಡಾಣ. ನೀನೂ ಬಾ. ಬಾಯ್ ಮಾತ್ರ ಮುಚ್ಕೊಂಡಿರು."

ನನಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿ, ಮೂಗು ಸೋರಿ, ಎಲ್ಲರೆದುರಿಗೇ ಬಿಕ್ಕಿ ಬಿಕ್ಕಿ ಅತ್ತೆ. ಎಳೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಜಯಮ್ಮಕ್ಕ ನನ್ನ ಕಡೆ ನೋಡಲಿಲ್ಲ, ನಾನು ಎಳೆದ ಸಾಲು ನೋಡಿದರು.

"ಸೊಟ್ಟ ಆಗ್ತೈತೆ ಕಣೇ," ಅಂದರು. "ನೆಟ್ಟಗೆಳಿ."